ಗರ್ಭನಷ್ಟಾನಂತರದ ನಂಜು ಮತ್ತು ಪ್ರತಿಜೀವಕಗಳ ಔಷಧಕ್ರಮ: ಒಂದು ಚಾರಿತ್ರಿಕ ತುಲನೆ

ಗರ್ಭವು ನಿಲ್ಲದೆ ಹೋದ ಬಳಿಕ ಸ್ತ್ರೀಯ ಗರ್ಭಕೋಶದಲ್ಲಿ ತಲೆದೋರುವ ಸೋಂಕು ಮನುಷ್ಯಕುಲದಷ್ಟೇ ಹಳೆಯದು. ಅದಕ್ಕೆ ನಂಬತಕ್ಕ ಮದ್ದು ದೊರೆತುದಾದರೋ ೧೯೩೦ರ ದಶಕದ ನಡುವಿನಲ್ಲಿ. ಅಂದಿನಿಂದ ಈಚೆಗೆ ಈ ರೋಗಕ್ಕೆ ಕೊಡುವ ಮದ್ದುಗಳು ಬದಲಾಗಿವೆ. ಮದ್ದನ್ನು ಎಷ್ಟು ಕೊಡಬೇಕು, ಎಷ್ಟು ಹೊತ್ತಿಗೊಮ್ಮೆ ಕೊಡಬೇಕು, ಎಷ್ಟು ದಿನ ಕೊಡಬೇಕು ಎಂಬ ಕಟ್ಟಳೆಯೂ ಬದಲಾಗುತ್ತ ಬಂದಿದೆ. ಈ ಕಟ್ಟಳೆಗೆ ನಾವು ಪ್ರಕೃತ ಲೇಖನದಲ್ಲಿ ಔಷಧಕ್ರಮವೆಂದು ಹೆಸರಿಟ್ಟು, ಅದರ ಬೇರೆಬೇರೆ ರೂಪಗಳನ್ನು ಒಂದಕ್ಕೊಂದು ಹೋಲಿಸಿ ನೋಡಲು ಉದ್ದೇಶಿಸಿದ್ದೇವೆ.

ಇತಿಹಾಸ ವಿಭಾಗದ ಸಂಚಿಕೆಯಲ್ಲಿ ವೈದ್ಯವಿಷಯಕ್ಕೆ ಎಡೆಯೇನೆಂದು ಕೆಲವರು ಕೇಳಬಹುದು. ಔಷಧಕ್ರಮವೂ ಒಂದು ದಾಖಲೆಯೇ ಎಂಬುದು ನಮ್ಮ ಉತ್ತರ. ಶಾಸನವೊಂದರಲ್ಲಿ ಅದು ಹುಟ್ಟಿದ ಕಾಲದ ನಾಣ್ಯ, ತೆರಿಗೆ, ಭೂಮಿಯ ಅಳತೆಗಳು ಉಳಿದುಬರುವಂತೆ, ರೋಗಿಯ ಹಾಸಿಗೆಯ ಬಳಿ ತೂಗುಹಾಕಿದ ಚೀಟಿಯಲ್ಲಿ ಆ ಕಾಲದ ಮದ್ದಿನ ಅಭಾವ, ದಾದಿಯರ ದುಡಿಮೆ, ವೈದ್ಯರ ತಿಳಿವಳಿಕೆ ಮತ್ತು ಭಯ ಇವೆಲ್ಲವೂ ಉಳಿದುಬರುತ್ತವೆ. ಅವನ್ನು ಓದಿ ಬೇರ್ಪಡಿಸುವುದು ಚರಿತ್ರೆಯ ವಿದ್ಯಾರ್ಥಿಗೆ ಒಗ್ಗಿದ ಕೆಲಸ.

ಪದಗಳ ವಿಷಯದಲ್ಲಿ ಒಂದು ಮಾತು. ನಾಲ್ಕನೆಯ ತಿಂಗಳವರೆಗೆ ಆಗುವುದನ್ನು ಸ್ರಾವವೆಂದೂ ಐದು, ಆರನೆಯ ತಿಂಗಳುಗಳಲ್ಲಿ ಆಗುವುದನ್ನು ಪಾತವೆಂದೂ ಸುಶ್ರುತಸಂಹಿತೆಯಲ್ಲಿ ಬೇರ್ಪಡಿಸಿದೆ. ಇಲ್ಲಿ ನಾವು ಎರಡನ್ನೂ ಸೇರಿಸಿ, ತಾನಾಗಿ ಆದದ್ದು, ಮಾಡಿಸಿದ್ದು ಎಂಬ ಭೇದವನ್ನೂ ಎಣಿಸದೆ, ಗರ್ಭನಷ್ಟ ಎಂಬ ಒಂದೇ ಪದವನ್ನು ಬಳಸಿದ್ದೇವೆ. ಸೋಂಕು ಗರ್ಭಕೋಶವನ್ನು ದಾಟಿ ಇಡೀ ದೇಹವನ್ನು ಕೆಡಿಸತೊಡಗಿದ ಸ್ಥಿತಿಗೆ ನಂಜು ಎಂಬ ರೂಢಿಯ ಮಾತೇ ಸಾಕು. ಪ್ರತಿಜೀವಕವೆಂದರೆ ಜನರು ಆಂಟಿಬಯಾಟಿಕ್ ಎಂದು ಕರೆಯುವ ಮದ್ದು.

೧. ರೋಗದ ಸ್ವರೂಪ

ಔಷಧಕ್ರಮಗಳನ್ನು ತೂಗಿನೋಡುವ ಮುನ್ನ ರೋಗದ ಸ್ವರೂಪವನ್ನು ಸಂಕ್ಷೇಪವಾಗಿ ತಿಳಿಯುವುದು ಅವಶ್ಯಕ. ಗರ್ಭ ಕಳಚಿಬಿದ್ದ ಜಾಗದಲ್ಲಿ ಗರ್ಭಕೋಶದ ಒಳಮೈ ಹಸಿಗಾಯದಂತಿರುತ್ತದೆ. ಕೆಲವು ವೇಳೆ ಗರ್ಭದ ಇಲ್ಲವೆ ಮಾಸಿನ ತುಣುಕುಗಳು ಒಳಗೇ ಉಳಿದುಬಿಡುತ್ತವೆ. ಈ ತುಣುಕುಗಳಿಗೆ ರಕ್ತದ ಹರಿವಿಲ್ಲ. ಆದಕಾರಣ ರಕ್ತದ ಮೂಲಕ ಸಾಗುವ ಮದ್ದು ಅಲ್ಲಿಗೆ ಸರಿಯಾಗಿ ತಲುಪದು. ರೋಗಾಣುಗಳಿಗಾದರೋ ಅದು ಹುಲುಸಾದ ನೆಲ. ಗರ್ಭಕೋಶವನ್ನು ಬರಿದುಮಾಡದೆ ಕೊಟ್ಟ ಪ್ರತಿಜೀವಕವು ಎಷ್ಟು ಶ್ರೇಷ್ಠವಾದರೂ ಅರ್ಧ ಚಿಕಿತ್ಸೆಯೇ ಎಂಬುದನ್ನು ಮುಂದಿನ ಎಲ್ಲ ಹೋಲಿಕೆಗಳಲ್ಲಿಯೂ ಮರೆಯಕೂಡದು.

ಎರಡನೆಯದಾಗಿ, ಈ ಸೋಂಕಿಗೆ ಕಾರಣವಾದ ರೋಗಾಣು ಸಾಮಾನ್ಯವಾಗಿ ಒಂದೇ ಆಗಿರುವುದಿಲ್ಲ. ಸರಪಣಿಯಾಕಾರದ ಸ್ಟ್ರೆಪ್ಟೊಕಾಕಸ್, ಕರುಳಿನಲ್ಲಿ ವಾಸಿಸುವ ಇ. ಕೋಲೈ, ಗಾಳಿಯಿಲ್ಲದೆಡೆಯಲ್ಲಿ ಬೆಳೆಯುವ ಬ್ಯಾಕ್ಟಿರಾಯ್ಡಿಸ್ ಮುಂತಾದವು ಒಟ್ಟಾಗಿ ಸೇರಿರುವುದುಂಟು. ಈ ಮೂರು ಬಗೆಯನ್ನೂ ಒಂದೇ ಮದ್ದು ಸಮನಾಗಿ ಕೊಲ್ಲಲಾರದು. ಇಂದಿನ ಔಷಧಕ್ರಮದಲ್ಲಿ ಎರಡು ಮೂರು ಮದ್ದುಗಳು ಜೊತೆಗೂಡಿರುವುದಕ್ಕೆ ಇದೇ ಕಾರಣ.

೨. ಹಿಂದಣ ವರ್ಷಗಳೊಡನೆ ಹೋಲಿಕೆ

ಹೆರಿಗೆಯ ಬಳಿಕದ ನಂಜು ವೈದ್ಯರ ಮತ್ತು ಸೂಲಗಿತ್ತಿಯರ ಮೂಲಕವೇ ಮನೆಯಿಂದ ಮನೆಗೆ ಹರಡುವುದೆಂದು ಸ್ಕಾಟ್ಲೆಂಡಿನ ಅಬರ್ಡೀನ್ ನಗರದ ಅಲೆಕ್ಸಾಂಡರ್ ಗಾರ್ಡನ್ ೧೭೯೫ರಲ್ಲಿಯೇ ಗ್ರಂಥಮುಖೇನ ಸಾರಿದ್ದನು. ೧೮೪೭ರಲ್ಲಿ ವಿಯೆನ್ನಾದ ಸೆಮ್ಮೆಲ್ವೈಸನು ಸುಣ್ಣಗ್ಲೋರಿನ ನೀರಿನಲ್ಲಿ ಕೈತೊಳೆಯುವ ನಿಯಮವನ್ನು ಜಾರಿಗೆ ತಂದನು. ಇವೆಲ್ಲ ರೋಗವನ್ನು ತಡೆಯುವ ಉಪಾಯಗಳು. ಬಂದ ರೋಗವನ್ನು ಗುಣಪಡಿಸುವ ಸಾಧನ ಆಗ ಇರಲಿಲ್ಲ.

ಆ ಸಾಧನ ೧೯೩೫ರಲ್ಲಿ ಜರ್ಮನಿಯಿಂದ ಬಂದಿತು. ಗೆರ್ಹಾರ್ಡ್ ಡೋಮಾಕ್ ಪ್ರಕಟಿಸಿದ ಪ್ರಾಂಟೋಸಿಲ್ ಎಂಬ ಕೆಂಪು ಬಣ್ಣದ ಮದ್ದನ್ನು ಲಂಡನ್ನಿನ ಕ್ವೀನ್ ಷಾರ್ಲಟ್ ಆಸ್ಪತ್ರೆಯಲ್ಲಿ ಲೆನರ್ಡ್ ಕೋಲ್‌ಬ್ರೂಕ್ ಮತ್ತು ಮೇವ್ ಕೆನಿ ಎಂಬ ವೈದ್ಯರು ಬಾಣಂತಿಯರ ನಂಜಿಗೆ ಕೊಟ್ಟು ನೋಡಿ, ೧೯೩೬ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮದ್ದು ಪಡೆದ ೩೮ ಮಂದಿಯಲ್ಲಿ ೩ ಮಂದಿ ಮಾತ್ರ ತೀರಿಕೊಂಡಿದ್ದರು. ಅದೇ ಆಸ್ಪತ್ರೆಯಲ್ಲಿ ಹಿಂದಣ ಕೆಲವು ವರ್ಷಗಳಲ್ಲಿ ಇಂತಹ ರೋಗಿಗಳ ಪೈಕಿ ನೂರಕ್ಕೆ ಇಪ್ಪತ್ತರಷ್ಟು ಮಂದಿ ಸಾಯುತ್ತಿದ್ದರು.

ಇಲ್ಲಿ ನಡೆದಿರುವುದು ಹಿಂದಿನ ವರ್ಷಗಳನ್ನು ಮುಂದಿನ ವರ್ಷದೊಡನೆ ಹೋಲಿಸುವ ಕಾರ್ಯ. ಚರಿತ್ರಕಾರರಾದ ನಮಗೆ ಇದು ಅತ್ಯಂತ ಪರಿಚಿತವಾದ ಮಾರ್ಗ. ಇದರ ದೌರ್ಬಲ್ಯವೂ ಪರಿಚಿತವೇ. ಎರಡು ಕಾಲಗಳ ನಡುವೆ ಬದಲಾದುದು ಮದ್ದೊಂದೇ ಎಂದು ಹೇಳುವುದು ಹೇಗೆ? ರೋಗಾಣುವಿನ ಉಗ್ರತೆ ತಾನಾಗಿಯೇ ತಗ್ಗಿರಬಹುದು. ರೋಗಿಗಳು ಮೊದಲಿಗಿಂತ ಬೇಗ ಬಂದಿರಬಹುದು. ಕೋಲ್‌ಬ್ರೂಕ್ ಮತ್ತು ಕೆನಿ ಈ ಸಂದೇಹವನ್ನು ಅರಿತವರೇ ಆಗಿದ್ದು, ತಮ್ಮ ತೀರ್ಮಾನವನ್ನು ಎಚ್ಚರಿಕೆಯಿಂದಲೇ ಮಂಡಿಸಿದರು. ಮುಂದಿನ ಅನುಭವ ಅವರ ಮದ್ದಿನ ಪರವಾಗಿಯೇ ನಿಂತಿತು. ಆದರೆ ಎರಡು ಔಷಧಕ್ರಮಗಳ ನಡುವಣ ಚಿಕ್ಕ ಅಂತರವನ್ನು ಅಳೆಯಲು ಈ ಮಾರ್ಗ ಸಾಲದು. ಮದ್ದಿಲ್ಲದ ಕಾಲಕ್ಕೂ ಮದ್ದಿನ ಕಾಲಕ್ಕೂ ಇರುವ ವ್ಯತ್ಯಾಸ ಬರಿಗಣ್ಣಿಗೆ ಕಾಣುತ್ತದೆ. ದಿನಕ್ಕೆ ಮೂರು ಬಾರಿ ಕೊಡುವುದಕ್ಕೂ ಒಂದು ಬಾರಿ ಕೊಡುವುದಕ್ಕೂ ಇರುವ ವ್ಯತ್ಯಾಸ ಹಾಗೆ ಕಾಣುವುದಿಲ್ಲ.

೩. ದಾಸ್ತಾನು ನಿರ್ಣಯಿಸಿದ ಪ್ರಮಾಣ

ಪೆನಿಸಿಲಿನ್ನಿನ ಮೊದಲ ಔಷಧಕ್ರಮಗಳನ್ನು ನಿರ್ಣಯಿಸಿದುದು ಲೆಕ್ಕಾಚಾರಕ್ಕಿಂತ ಹೆಚ್ಚಾಗಿ ದಾಸ್ತಾನು ಎಂದರೆ ತಪ್ಪಾಗಲಾರದು. ೧೯೪೧ರ ಫೆಬ್ರವರಿ ೧೨ರಂದು ಆಕ್ಸ್‌ಫರ್ಡಿನಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೋಲೀಸು ಸಿಬ್ಬಂದಿಗೆ ಮೊದಲು ೨೦೦ ಮಿಲಿಗ್ರಾಂ, ಆಮೇಲೆ ಮೂರು ಗಂಟೆಗೊಮ್ಮೆ ೧೦೦ ಮಿಲಿಗ್ರಾಂ ಪೆನಿಸಿಲಿನ್ ಕೊಡಲಾಯಿತು. ಮದ್ದು ಮೂತ್ರದಲ್ಲಿ ಹೊರಬೀಳುತ್ತಿದ್ದುದರಿಂದ ಆ ಮೂತ್ರವನ್ನು ಹಿಡಿದಿಟ್ಟು, ಅದರಿಂದ ಮದ್ದನ್ನು ಮರಳಿ ತೆಗೆದು ಕೊಟ್ಟರು. ರೋಗಿ ಚೇತರಿಸಿಕೊಳ್ಳುತ್ತಿರುವಾಗಲೇ ಮದ್ದು ತೀರಿಹೋಯಿತು. ಸೋಂಕು ಮರುಕಳಿಸಿ ಆತನು ಮಾರ್ಚ್ ೧೫ರಂದು ಮೃತನಾದನು.

ಮರುವರ್ಷದ ಪ್ರಸಂಗ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದುದು. ಅಮೆರಿಕದಲ್ಲಿ ಪೆನಿಸಿಲಿನ್ನಿನಿಂದ ಬದುಕಿ ಉಳಿದ ಮೊದಲ ರೋಗಿ ಗರ್ಭಸ್ರಾವಾನಂತರದ ನಂಜಿಗೆ ತುತ್ತಾದ ಸ್ತ್ರೀ. ನ್ಯೂ ಹೇವನ್ ನಗರದ ಆಸ್ಪತ್ರೆಯಲ್ಲಿದ್ದ ಆನ್ ಮಿಲ್ಲರ್ ಎಂಬಾಕೆಗೆ ಸ್ಟ್ರೆಪ್ಟೊಕಾಕಸ್ ರಕ್ತಕ್ಕಿಳಿದು, ಜ್ವರ ೧೦೬ ಡಿಗ್ರಿ ಫ್ಯಾರನ್‌ಹೀಟನ್ನೂ ಮೀರುತ್ತಿತ್ತು. ಗಂಧಕದ ಮದ್ದು, ರಕ್ತದಾನ, ಶಸ್ತ್ರಕ್ರಿಯೆ ಯಾವುದೂ ಫಲಿಸಿರಲಿಲ್ಲ. ಮೆರ್ಕ್ ಕಂಪನಿಯಿಂದ ಬಂದ ಸುಮಾರು ಐದೂವರೆ ಗ್ರಾಂ ಪೆನಿಸಿಲಿನ್ ಅಂದು ಇಡೀ ದೇಶದಲ್ಲಿದ್ದ ದಾಸ್ತಾನಿನ ಅರ್ಧದಷ್ಟಾಗಿತ್ತು. ೧೯೪೨ರ ಮಾರ್ಚ್ ೧೪ರಂದು ಮೊದಲ ಚುಚ್ಚುಮದ್ದು ನಡೆಯಿತು. ಎಷ್ಟು ಕೊಡಬೇಕೆಂದು ಬಲ್ಲವರು ಯಾರೂ ಇರಲಿಲ್ಲವಾಗಿ ಅಲ್ಪ ಪ್ರಮಾಣದಿಂದ ಆರಂಭಿಸಿ, ನಾಲ್ಕು ಗಂಟೆಗೊಮ್ಮೆ ಕೊಡುತ್ತ ಹೋದರು. ಮರುದಿನ ಬೆಳಗಾಗುವುದರೊಳಗೆ ಜ್ವರ ಇಳಿದಿತ್ತು. ಇಲ್ಲಿಯೂ ಮೂತ್ರವನ್ನು ಸಂಗ್ರಹಿಸಿ, ಮದ್ದನ್ನು ಮರಳಿ ತೆಗೆಯಲು ಕಂಪನಿಗೆ ಕಳುಹಿಸಲಾಯಿತು. ಆಕೆ ತೊಂಬತ್ತು ವರ್ಷ ಬಾಳಿ ೧೯೯೯ರಲ್ಲಿ ನಿಧನ ಹೊಂದಿದರು.

ಈ ಎರಡು ಪ್ರಸಂಗಗಳಿಂದ ವೈದ್ಯಲೋಕಕ್ಕೆ ಎರಡು ಪಾಠಗಳು ದೊರೆತವು. ಮದ್ದು ಬೇಗ ದೇಹದಿಂದ ಜಾರಿಹೋಗುತ್ತದೆ, ಆದುದರಿಂದ ಮತ್ತೆಮತ್ತೆ ಕೊಡತಕ್ಕದ್ದು ಎಂಬುದು ಮೊದಲನೆಯದು. ಅರ್ಧಕ್ಕೆ ನಿಲ್ಲಿಸಿದರೆ ಸಾವು ಎಂಬುದು ಎರಡನೆಯದು. ಮೊದಲನೆಯದನ್ನು ವಿಜ್ಞಾನಿಗಳು ಕೂಡಲೆ ಪರೀಕ್ಷೆಗೊಡ್ಡಿದರು. ಎರಡನೆಯದು ಬಹುಕಾಲ ನಂಬಿಕೆಯಾಗಿಯೇ ಉಳಿಯಿತು.

೪. ಒಂದು ಚೀಟಿ, ಮೂರು ಗಡಿಯಾರ

ರಕ್ತದಲ್ಲಿರುವ ಪೆನಿಸಿಲಿನ್ನಿನ ಅರ್ಧಭಾಗವು ಸುಮಾರು ಅರ್ಧ ಗಂಟೆಯಲ್ಲಿ ಮೂತ್ರಪಿಂಡಗಳ ಮೂಲಕ ಹೊರಟುಹೋಗುತ್ತದೆ. ಮೂರು ಗಂಟೆಗೊಮ್ಮೆ ಚುಚ್ಚುವುದೆಂದರೆ ದಿನಕ್ಕೆ ಎಂಟು ಬಾರಿ, ನಡುರಾತ್ರಿಯಲ್ಲಿಯೂ ರೋಗಿಯನ್ನು ಎಬ್ಬಿಸಿ ಚುಚ್ಚಬೇಕು. ಈ ಕಷ್ಟವನ್ನು ನೀಗಲು ೧೯೪೪ರಲ್ಲಿ ರೊಮಾನ್ಸ್ಕಿ ಮತ್ತು ರಿಟ್‌ಮನ್ ಎಂಬವರು ಪೆನಿಸಿಲಿನ್ನನ್ನು ಕಡಲೆಕಾಯಿ ಎಣ್ಣೆ ಮತ್ತು ಜೇನುಮೇಣದಲ್ಲಿ ಬೆರೆಸಿ, ಅದು ಸ್ನಾಯುವಿನಿಂದ ಮೆಲ್ಲಮೆಲ್ಲನೆ ರಕ್ತಕ್ಕೆ ಇಳಿಯುವಂತೆ ಮಾಡಿದರು. ಬಳಿಕ ಬಂದ ಪ್ರೊಕೇನ್ ಪೆನಿಸಿಲಿನ್ ಅದೇ ಕೆಲಸವನ್ನು ಇನ್ನೂ ಸುಲಭಗೊಳಿಸಿತು.

ಈ ಮಧ್ಯೆ ಅಮೆರಿಕದ ಹ್ಯಾರಿ ಈಗಲ್ ೧೯೪೦ರ ದಶಕದ ಕೊನೆಯಿಂದ ೧೯೫೦ರ ದಶಕದ ಆರಂಭದವರೆಗೆ ನಡೆಸಿದ ಪ್ರಯೋಗಗಳು ಒಂದು ಮುಖ್ಯ ತತ್ತ್ವವನ್ನು ಸ್ಥಾಪಿಸಿದವು. ಪೆನಿಸಿಲಿನ್ನಿನ ಫಲವು ರಕ್ತದಲ್ಲಿ ಅದು ಎಷ್ಟು ಎತ್ತರಕ್ಕೆ ಏರಿತೆಂಬುದಕ್ಕಿಂತ, ರೋಗಾಣುವನ್ನು ಕೊಲ್ಲಲು ಬೇಕಾದ ಮಟ್ಟದ ಮೇಲೆ ಎಷ್ಟು ಹೊತ್ತು ನಿಂತಿತೆಂಬುದನ್ನು ಅವಲಂಬಿಸಿದೆ. ಒಮ್ಮೆಗೇ ಹತ್ತುಪಟ್ಟು ಕೊಟ್ಟರೆ ಹತ್ತುಪಟ್ಟು ಫಲವಿಲ್ಲ. ಕೆರೆಯ ನೀರು ಒಂದು ದಿನ ಏರಿಯ ಮಟ್ಟಕ್ಕೆ ಬಂದು ಬತ್ತುವುದಕ್ಕಿಂತ, ತೂಬಿನ ಮಟ್ಟದಲ್ಲಿ ಬೆಳೆಯ ಕಾಲವೆಲ್ಲ ನಿಲ್ಲುವುದು ಗದ್ದೆಗೆ ಹಿತವಲ್ಲವೆ? ಅಂತೆಯೇ ಇದು.

೧೯೬೩ರಲ್ಲಿ ವರದಿಯಾದ ಜೆಂಟಾಮೈಸಿನ್ನಿನ ನಡತೆ ಇದಕ್ಕೆ ತದ್ವಿರುದ್ಧ. ಇದು ಇ. ಕೋಲೈ ಜಾತಿಯ ರೋಗಾಣುಗಳನ್ನು ಕೊಲ್ಲುವುದರಲ್ಲಿ ಸಮರ್ಥ. ಆದರೆ ಮೂತ್ರಪಿಂಡಕ್ಕೂ ಒಳಕಿವಿಗೂ ಹಾನಿಕರ. ಭಯಪಟ್ಟ ವೈದ್ಯರು ಇದನ್ನು ಸಣ್ಣ ಪಾಲುಗಳಾಗಿ ಎಂಟು ಗಂಟೆಗೊಮ್ಮೆ ಕೊಡುತ್ತಿದ್ದರು. ಮುಂದೆ ತಿಳಿದುಬಂದ ಸಂಗತಿ ಬೇರೆ. ಈ ಮದ್ದು ಎತ್ತರಕ್ಕೆ ಏರಿದಷ್ಟೂ ಹೆಚ್ಚು ಕೊಲ್ಲುತ್ತದೆ. ರಕ್ತದಿಂದ ಇಳಿದ ಮೇಲೂ ಕೆಲವು ಗಂಟೆಗಳ ಕಾಲ ರೋಗಾಣು ತಲೆಯೆತ್ತದು. ನಡುವೆ ದೊರೆತ ಬಿಡುವಿನಲ್ಲಿ ಮೂತ್ರಪಿಂಡವು ತನ್ನೊಳಗೆ ಸೇರಿದ ಮದ್ದನ್ನು ಕಳೆದುಕೊಳ್ಳುತ್ತದೆ. ೧೯೯೦ರ ದಶಕದಲ್ಲಿ ನಡೆದ ಅನೇಕ ತುಲನೆಗಳ ಫಲವಾಗಿ ದಿನಕ್ಕೊಮ್ಮೆ ಕೊಡುವ ಕ್ರಮ ನೆಲೆಗೊಂಡಿತು. ೫೦ ಕಿಲೋ ತೂಕದ ಸ್ತ್ರೀಗೆ ಹಿಂದಣ ಕ್ರಮದಂತೆ ೭೫ ಮಿಲಿಗ್ರಾಂ ಮೂರು ಬಾರಿ, ಒಟ್ಟು ೨೨೫ ಮಿಲಿಗ್ರಾಂ ಸಲ್ಲುತ್ತಿದ್ದರೆ, ಕಿಲೋಗೆ ೫ ಮಿಲಿಗ್ರಾಮಿನ ಹೊಸ ಕ್ರಮದಂತೆ ೨೫೦ ಮಿಲಿಗ್ರಾಂ ಒಂದೇ ಬಾರಿ ಸಲ್ಲುತ್ತದೆ. ದಿನದ ಮೊತ್ತ ಹೆಚ್ಚುಕಡಮೆ ಒಂದೇ. ಹಂಚಿಕೆ ಮಾತ್ರ ಬೇರೆ.

ಮೂರನೆಯದು ಮೆಟ್ರೊನಿಡಜೋಲ್. ಇದು ಮೊದಲು ಬಂದುದು ಯೋನಿಯ ಟ್ರೈಕೊಮೊನಾಸ್ ಸೋಂಕಿನ ಮದ್ದಾಗಿ. ಅದಕ್ಕಾಗಿ ಇದನ್ನು ಸೇವಿಸುತ್ತಿದ್ದ ರೋಗಿಯೊಬ್ಬಳ ವಸಡಿನ ಹುಣ್ಣೂ ವಾಸಿಯಾದುದನ್ನು ಲಂಡನ್ನಿನ ಷಿನ್ ಎಂಬ ದಂತವೈದ್ಯರು ೧೯೬೨ರಲ್ಲಿ ವರದಿ ಮಾಡಿದರು. ಗಾಳಿಯಿಲ್ಲದೆಡೆಯ ರೋಗಾಣುಗಳಿಗೆ ಇದು ಮದ್ದಾಗಬಲ್ಲುದೆಂಬುದು ಹೀಗೆ ಅಯಾಚಿತವಾಗಿ ತಿಳಿದುಬಂದಿತು. ಇದರ ಅರ್ಧಭಾಗ ರಕ್ತದಿಂದ ಹೊರಹೋಗಲು ಸುಮಾರು ಎಂಟು ಗಂಟೆ ಹಿಡಿಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯು ೨೦೦೦ದಲ್ಲಿ ಮೊದಲು ಹೊರತಂದ ಪ್ರಸೂತಿ ತೊಡಕುಗಳ ಕೈಪಿಡಿಯಲ್ಲಿ ಗರ್ಭನಷ್ಟಾನಂತರದ ನಂಜಿಗೆ ವಿಧಿಸಿರುವ ಕ್ರಮವನ್ನು ಈಗ ಓದಿದರೆ ಅರ್ಥ ಸ್ಪಷ್ಟವಾಗುತ್ತದೆ. ಪೆನಿಸಿಲಿನ್ ಕುಲದ ಆಂಪಿಸಿಲಿನ್ ೨ ಗ್ರಾಂ ಆರು ಗಂಟೆಗೊಮ್ಮೆ. ಜೆಂಟಾಮೈಸಿನ್ ಕಿಲೋ ತೂಕಕ್ಕೆ ೫ ಮಿಲಿಗ್ರಾಂ ಇಪ್ಪತ್ತನಾಲ್ಕು ಗಂಟೆಗೊಮ್ಮೆ. ಮೆಟ್ರೊನಿಡಜೋಲ್ ೫೦೦ ಮಿಲಿಗ್ರಾಂ ಎಂಟು ಗಂಟೆಗೊಮ್ಮೆ. ಒಂದೇ ಚೀಟಿಯಲ್ಲಿ ಮೂರು ಗಡಿಯಾರಗಳು ನಡೆಯುತ್ತಿರುತ್ತವೆ. ಮೊದಲನೆಯದು ಮಟ್ಟವನ್ನು ಕಾಯುತ್ತದೆ, ಎರಡನೆಯದು ಎತ್ತರಕ್ಕೆ ಏರಿ ವಿಶ್ರಮಿಸುತ್ತದೆ, ಮೂರನೆಯದು ತನ್ನ ನಿಧಾನಗತಿಯನ್ನು ಅನುಸರಿಸುತ್ತದೆ.

ಇದಕ್ಕೆ ಪ್ರತಿಯಾಗಿ ನಿಲ್ಲುವುದು ಕ್ಲಿಂಡಾಮೈಸಿನ್ ಮತ್ತು ಜೆಂಟಾಮೈಸಿನ್ನುಗಳ ಜೋಡಿ. ಹೆರಿಗೆಯ ಶಸ್ತ್ರಕ್ರಿಯೆಯ ಬಳಿಕ ಗರ್ಭಕೋಶದಲ್ಲಿ ಆಗುವ ಸೋಂಕಿನಲ್ಲಿ ಈ ಜೋಡಿಯು ಪೆನಿಸಿಲಿನ್ ಮತ್ತು ಜೆಂಟಾಮೈಸಿನ್ ಜೋಡಿಗಿಂತ ಮೇಲೆಂದು ಅಮೆರಿಕದ ತುಲನೆಯೊಂದು ೧೯೭೯ರಲ್ಲಿ ತೋರಿಸಿತು. ಪೆನಿಸಿಲಿನ್ನಿಗೆ ಬಗ್ಗದ ಬ್ಯಾಕ್ಟಿರಾಯ್ಡಿಸ್ ಕ್ಲಿಂಡಾಮೈಸಿನ್ನಿಗೆ ಬಗ್ಗಿದುದೇ ಇದರ ಕಾರಣ. ಇದು ಹೆರಿಗೆಯ ಬಳಿಕದ ಸಾಕ್ಷ್ಯವೆಂಬುದನ್ನೂ ಗರ್ಭನಷ್ಟದ ಚಿಕಿತ್ಸೆಗೆ ಎರವಲಾಗಿ ಬಂದುದೆಂಬುದನ್ನೂ ಗಮನದಲ್ಲಿಡತಕ್ಕದ್ದು.

ದಾದಿಯ ದೃಷ್ಟಿಯಿಂದ ಲೆಕ್ಕ ಹಾಕಿದರೆ, ಮೂರು ಮದ್ದಿನ ಕ್ರಮದಲ್ಲಿ ದಿನಕ್ಕೆ ನಾಲ್ಕು, ಒಂದು, ಮೂರು, ಒಟ್ಟು ಎಂಟು ಬಾರಿ ಮದ್ದು ಕೊಡಬೇಕು. ಎರಡು ಮದ್ದಿನ ಕ್ರಮದಲ್ಲಿ ಕ್ಲಿಂಡಾಮೈಸಿನ್ ೯೦೦ ಮಿಲಿಗ್ರಾಂ ಎಂಟು ಗಂಟೆಗೊಮ್ಮೆ ಆಗುವುದರಿಂದ ಮೂರು, ಒಂದು, ಒಟ್ಟು ನಾಲ್ಕು ಬಾರಿ. ಮೂರು ದಿನಗಳಲ್ಲಿ ಇಪ್ಪತ್ತನಾಲ್ಕಕ್ಕೆ ಹನ್ನೆರಡು. ಇಬ್ಬರು ದಾದಿಯರು ನಲವತ್ತು ಹಾಸಿಗೆಗಳನ್ನು ನೋಡಿಕೊಳ್ಳುವ ವಾರ್ಡಿನಲ್ಲಿ ತಪ್ಪಿಹೋಗುವ ಬಾರಿಗಳ ಸಂಖ್ಯೆಯನ್ನು ಈ ಅಂತರವೇ ನಿರ್ಧರಿಸೀತು. ಕಾಗದದ ಮೇಲೆ ಸಮನಾದ ಎರಡು ಕ್ರಮಗಳು ವಾರ್ಡಿನಲ್ಲಿ ಸಮನಾಗಿರಬೇಕೆಂಬ ನಿಯಮವಿಲ್ಲ. ಬೆಲೆಯ ಪ್ರಶ್ನೆಯೂ ಇದರೊಡನೆ ಬೆರೆತಿರುತ್ತದೆ.

೫. ಎಷ್ಟು ದಿನ?

ಪ್ರಮಾಣ ಮತ್ತು ಅಂತರಗಳ ಪ್ರಶ್ನೆಗೆ ಪ್ರಯೋಗಶಾಲೆ ಉತ್ತರ ಕೊಟ್ಟಿತು. ದಿನಗಳ ಪ್ರಶ್ನೆಗೆ ಬಹುಕಾಲ ಉತ್ತರ ಕೊಟ್ಟದ್ದು ರೂಢಿ. ಜ್ವರ ಬಿಟ್ಟ ಬಳಿಕವೂ ವಾರವೊ ಹತ್ತು ದಿನವೊ ಗುಳಿಗೆ ನುಂಗಿಸುವುದು ಎಲ್ಲೆಡೆಯ ಪದ್ಧತಿಯಾಗಿತ್ತು. ೧೯೪೫ರ ಡಿಸೆಂಬರಿನ ತಮ್ಮ ನೊಬೆಲ್ ಉಪನ್ಯಾಸದಲ್ಲಿ ಫ್ಲೆಮಿಂಗರು ಕೊಟ್ಟ ಎಚ್ಚರಿಕೆ, ಸಾಲದಷ್ಟು ಪ್ರಮಾಣದ ಮದ್ದು ರೋಗಾಣುವನ್ನು ಕೊಲ್ಲದೆ ಪಳಗಿಸುತ್ತದೆಂಬುದು. ಈ ಮಾತು ಪ್ರಮಾಣದ ಕುರಿತಾದುದು. ಜನಸಾಮಾನ್ಯರ ತಿಳಿವಳಿಕೆಯಲ್ಲಿ ಇಂತಹ ಎಚ್ಚರಿಕೆಯೂ ಆಕ್ಸ್‌ಫರ್ಡಿನ ಪೋಲೀಸನ ಸಾವಿನಂತಹ ಅನುಭವವೂ ಕಲೆತು, ಹೆಚ್ಚು ದಿನ ಕೊಟ್ಟಷ್ಟೂ ಕ್ಷೇಮ ಎಂಬ ನಂಬಿಕೆ ಬಲವಾಯಿತೆಂದು ನಾವು ಊಹಿಸುತ್ತೇವೆ.

ಈ ನಂಬಿಕೆಯನ್ನು ಒರೆಗೆ ಹಚ್ಚಿದವರು ವಿರಳ. ಗರ್ಭನಷ್ಟಾನಂತರದ ನಂಜಿನ ಪ್ರತಿಜೀವಕಗಳನ್ನು ಕುರಿತು ಅದೃಷ್ಟಕ್ರಮದಲ್ಲಿ ಪಂಗಡಗಳನ್ನು ಹಂಚಿ ನಡೆಸಿದ ಪ್ರಯೋಗಗಳನ್ನೆಲ್ಲ ಕಲೆಹಾಕಲು ಹೊರಟ ಕಾಕ್ರೇನ್ ಸಮೀಕ್ಷೆಯೊಂದು ೨೦೧೬ರಲ್ಲಿ ಪ್ರಕಟವಾಯಿತು. ಅದರಲ್ಲಿ ಸೇರಲು ಅರ್ಹವಾದುವು ಮೂರು ಚಿಕ್ಕ ಪ್ರಯೋಗಗಳು, ಒಟ್ಟು ೨೩೩ ಸ್ತ್ರೀಯರು. ೭೭ ಮಂದಿಯ ಒಂದು ಪ್ರಯೋಗದಲ್ಲಿ ಕ್ಲಿಂಡಾಮೈಸಿನ್ ಒಂದನ್ನೇ ಪಡೆದವರಿಗೂ ಪೆನಿಸಿಲಿನ್ ಮತ್ತು ಕ್ಲೋರಾಂಫೆನಿಕಾಲ್ ಪಡೆದವರಿಗೂ ಗಣನೀಯ ಭೇದ ಕಾಣಲಿಲ್ಲ; ಎರಡು ಪಂಗಡಗಳೂ ಸರಾಸರಿ ಐದು ದಿನ ಆಸ್ಪತ್ರೆಯಲ್ಲಿದ್ದವು. ಅಲ್ಲಿ ಬಳಸಿದ ಅಳತೆಗೋಲು ಜ್ವರದ ಸೂಚ್ಯಂಕ: ೯೯ ಡಿಗ್ರಿಗೆ ಮೇಲ್ಪಟ್ಟ ಶಾಖವನ್ನು ಅದು ಇದ್ದ ಗಂಟೆಗಳಿಂದ ಗುಣಿಸಿದ ಮೊತ್ತ. ಸಾವಿರಾರು ಸ್ತ್ರೀಯರನ್ನು ಬಲಿತೆಗೆದುಕೊಂಡ ರೋಗವೊಂದಕ್ಕೆ ಇಷ್ಟೇ ಸಾಕ್ಷ್ಯ ಕೂಡಿರುವುದನ್ನು ಚರಿತ್ರೆಯ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಗುಟ್ಟಾಗಿ ಅನುಭವಿಸುವ ರೋಗಕ್ಕೆ ದಾಖಲೆಯೂ ಅಲ್ಪವೇ.

ದಿನಗಳ ಪ್ರಶ್ನೆಯನ್ನೇ ನೇರವಾಗಿ ಎತ್ತಿಕೊಂಡ ಪ್ರಯೋಗ ಬ್ರೆಜಿಲ್ ದೇಶದಿಂದ ೨೦೧೧ರಲ್ಲಿ ಪ್ರಕಟವಾಯಿತು. ಗರ್ಭಕೋಶವನ್ನು ಬರಿದುಮಾಡಿ, ರಕ್ತನಾಳದ ಮೂಲಕ ಮದ್ದು ಕೊಟ್ಟು, ನಲವತ್ತೆಂಟು ಗಂಟೆಗಳ ಕಾಲ ರೋಗಿ ಸುಧಾರಿಸಿದ್ದನ್ನು ಖಚಿತಪಡಿಸಿಕೊಂಡ ಮೇಲೆ, ಒಂದು ಪಂಗಡಕ್ಕೆ ಡಾಕ್ಸಿಸೈಕ್ಲಿನ್ ಗುಳಿಗೆಗಳನ್ನೂ ಇನ್ನೊಂದಕ್ಕೆ ಮದ್ದಿಲ್ಲದ ತೋರಿಕೆಯ ಗುಳಿಗೆಗಳನ್ನೂ ಕೊಟ್ಟರು. ಎರಡರ ನಡುವೆ ಭೇದ ಕಂಡುಬರಲಿಲ್ಲ. ಹೆರಿಗೆಯ ಬಳಿಕದ ಗರ್ಭಕೋಶದ ಸೋಂಕಿನಲ್ಲಿ ಇದೇ ಪ್ರಶ್ನೆಯನ್ನು ಪರೀಕ್ಷಿಸಿದ ಮೂರು ಪ್ರಯೋಗಗಳಲ್ಲಿಯೂ ಹೀಗೆಯೇ ಆಯಿತು. ಜ್ವರ ಬಿಟ್ಟು ನಲವತ್ತೆಂಟು ಗಂಟೆಯಾಗುವವ‌ರೆಗೆ ಮದ್ದು ಕೊಡತಕ್ಕದ್ದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿ ಹೇಳಿರುವುದೂ ಇದಕ್ಕೆ ಸಮ್ಮತವಾಗಿದೆ. ರಕ್ತದಲ್ಲಿ ರೋಗಾಣು ಬೆಳೆದವರಿಗೆ, ಕೀವುಗಟ್ಟಿದವರಿಗೆ, ನಂಜಿನಿಂದ ರಕ್ತದ ಒತ್ತಡ ಕುಸಿದವರಿಗೆ ಈ ಮಾತು ಅನ್ವಯಿಸುವುದಿಲ್ಲ. ಅವರ ದಿನಗಳನ್ನು ನಿರ್ಧರಿಸತಕ್ಕವರು ಅವರನ್ನು ಕಣ್ಣಾರೆ ನೋಡುವ ವೈದ್ಯರು. ವೈದ್ಯರು ಬರೆದುಕೊಟ್ಟ ಗುಳಿಗೆಯನ್ನು ರೋಗಿಯು ತಾನಾಗಿಯೇ ನಿಲ್ಲಿಸಬಹುದೆಂಬುದೂ ಇದರ ಅರ್ಥವಲ್ಲ.

ಔಷಧಕ್ರಮವನ್ನು ಒಂದೇ ಬಾರಿಗೆ ಇಳಿಸಿದ ಪ್ರಯೋಗವೂ ಇದೆ. ಅದು ಬಂದ ಸೋಂಕನ್ನು ಗುಣಪಡಿಸುವುದಕ್ಕಲ್ಲ, ಬಾರದಂತೆ ತಡೆಯುವುದಕ್ಕೆ. ಮಲಾವಿ, ಪಾಕಿಸ್ತಾನ, ಟಾಂಜಾನಿಯ, ಉಗಾಂಡ ದೇಶಗಳಲ್ಲಿ ಗರ್ಭಸ್ರಾವಕ್ಕಾಗಿ ಶಸ್ತ್ರಕ್ರಿಯೆಗೆ ಒಳಗಾದ ೩೪೧೨ ಸ್ತ್ರೀಯರ ಮೇಲೆ ನಡೆದ ಇದರ ವರದಿ ೨೦೧೯ರಲ್ಲಿ ಬಂದಿತು. ಶಸ್ತ್ರಕ್ರಿಯೆಗೆ ಮುನ್ನ ಡಾಕ್ಸಿಸೈಕ್ಲಿನ್ ಮತ್ತು ಮೆಟ್ರೊನಿಡಜೋಲ್ ತಲಾ ೪೦೦ ಮಿಲಿಗ್ರಾಂ ಒಮ್ಮೆ ನುಂಗಿದವರಲ್ಲಿ ನೂರಕ್ಕೆ ೪.೧ ಮಂದಿಗೂ ತೋರಿಕೆಯ ಗುಳಿಗೆ ನುಂಗಿದವರಲ್ಲಿ ೫.೩ ಮಂದಿಗೂ ಸೋಂಕಾಯಿತು. ಈ ಅಂತರ ಕಾಕತಾಳೀಯವಿರಬಹುದೆಂಬ ಸಂದೇಹ ನಿವಾರಣೆಯಾಗಲಿಲ್ಲ. ಸೋಂಕು ಎಂಬುದರ ಲಕ್ಷಣವನ್ನು ಇನ್ನಷ್ಟು ಬಿಗಿಗೊಳಿಸಿ ಎಣಿಸಿದಾಗ ಮಾತ್ರ ೧.೫ ಮತ್ತು ೨.೬ ಎಂಬ ಸ್ಪಷ್ಟ ಭೇದ ಹೊರಬಿದ್ದಿತು. ಏನನ್ನು ಸೋಂಕೆಂದು ಕರೆಯಬೇಕೆಂಬ ನಿರ್ಣಯವೇ ಉತ್ತರವನ್ನು ತಿರುಗಿಸಬಲ್ಲುದೆಂಬುದಕ್ಕೆ ಇದೊಂದು ನಿದರ್ಶನ. ಆಕರವನ್ನು ಓದುವಾಗ ಪದಗಳ ಅರ್ಥವನ್ನು ಮೊದಲು ನಿಶ್ಚಯಿಸಿಕೊಳ್ಳಬೇಕೆಂದು ನಾವು ತರಗತಿಯಲ್ಲಿ ಹೇಳುವುದೂ ಇದನ್ನೇ.

೬. ಗಡಿಯಾರ ಆರಂಭವಾಗುವ ಗಳಿಗೆ

ಇದುವರೆಗೆ ಹೋಲಿಸಿದ ಎಲ್ಲ ಕ್ರಮಗಳಿಗೂ ಒಂದು ಸಾಮಾನ್ಯ ಲಕ್ಷಣವಿದೆ. ಇವೆಲ್ಲ ಮೊದಲ ಚುಚ್ಚುಮದ್ದಿನಿಂದ ಎಣಿಸತೊಡಗುತ್ತವೆ. ನಂಜಿನಲ್ಲಾದರೋ ಅದಕ್ಕೂ ಮುಂಚಿನ ಗಂಟೆಗಳು ಪ್ರಾಣವನ್ನು ನಿರ್ಧರಿಸುತ್ತವೆ. ನಂಜಿನ ಚಿಕಿತ್ಸೆಯ ೨೦೨೧ರ ಅಂತರರಾಷ್ಟ್ರೀಯ ಸೂಚನೆಗಳಲ್ಲಿ, ಒತ್ತಡ ಕುಸಿದ ರೋಗಿಗೆ ನಂಜನ್ನು ಗುರುತಿಸಿದ ಒಂದು ಗಂಟೆಯೊಳಗೆ ಪ್ರತಿಜೀವಕ ಸಲ್ಲತಕ್ಕದ್ದೆಂದು ವಿಧಿಸಿದೆ.

ಇದಕ್ಕೆ ಕನ್ನಡನಾಡಿನೊಡನೆ ಸಂಬಂಧವಿರುವ ಒಂದು ದುಃಖದ ದೃಷ್ಟಾಂತವಿದೆ. ಬೆಳಗಾವಿಯಲ್ಲಿ ಬೆಳೆದು ದಂತವೈದ್ಯೆಯಾದ ಸವಿತಾ ಹಾಲಪ್ಪನವರ ೩೧ನೆಯ ವಯಸ್ಸಿನಲ್ಲಿ, ಹದಿನೇಳು ವಾರಗಳ ಗರ್ಭಿಣಿಯಾಗಿ, ೨೦೧೨ರ ಅಕ್ಟೋಬರ್ ೨೧ರಂದು ಐರ್ಲೆಂಡಿನ ಗಾಲ್ವೆಯ ಆಸ್ಪತ್ರೆಗೆ ದಾಖಲಾದರು. ಗರ್ಭ ಉಳಿಯುವಂತಿಲ್ಲವೆಂದು ಗೊತ್ತಾಗಿತ್ತು, ಗರ್ಭಚೀಲ ಒಡೆದಿತ್ತು. ಭ್ರೂಣದ ಎದೆಬಡಿತ ಇನ್ನೂ ಇದ್ದುದರಿಂದ, ಅಂದಿನ ಕಾನೂನಿನ ಕಾರಣದಿಂದ, ಗರ್ಭವನ್ನು ತೆಗೆಯಬೇಕೆಂಬ ಅವರ ಕೋರಿಕೆ ಈಡೇರಲಿಲ್ಲ. ನಂಜು ಗುರುತಿಗೆ ಬಂದುದು ೨೪ರಂದು. ಅಕ್ಟೋಬರ್ ೨೮ರಂದು ಅವರು ತೀರಿಕೊಂಡರು. ೨೦೧೩ರಲ್ಲಿ ಹೊರಬಂದ ಅಧಿಕೃತ ತನಿಖಾ ವರದಿ ಮೂರು ಕಾರಣಗಳನ್ನು ಎತ್ತಿ ತೋರಿಸಿತು: ರೋಗಿಯ ಸ್ಥಿತಿಯನ್ನು ಸಾಕಷ್ಟು ಪರಿಶೀಲಿಸದೆ ಹೋದುದು, ಚಿಕಿತ್ಸೆಯ ಎಲ್ಲ ಮಾರ್ಗಗಳನ್ನೂ ಆಕೆಯ ಮುಂದಿಡದೆ ಹೋದುದು, ನಂಜಿನ ಚಿಕಿತ್ಸೆಯ ಸೂಚನೆಗಳನ್ನು ಅನುಸರಿಸದೆ ಹೋದುದು.

ಇಲ್ಲಿ ಪ್ರತಿಜೀವಕಗಳ ಅಭಾವವಿರಲಿಲ್ಲ. ೧೯೪೨ರ ನ್ಯೂ ಹೇವನ್ನಿನಲ್ಲಿ ದೇಶದ ಅರ್ಧ ದಾಸ್ತಾನನ್ನು ಬಳಸಿ ಉಳಿಸಿದಂತಹ ರೋಗದಿಂದಲೇ, ಎಪ್ಪತ್ತು ವರ್ಷಗಳ ಬಳಿಕ, ಮದ್ದು ತುಂಬಿದ ಆಸ್ಪತ್ರೆಯೊಂದರಲ್ಲಿ ಸಾವು ಸಂಭವಿಸಿತು. ಎರಡು ಪ್ರಸಂಗಗಳ ರೋಗಾಣುಗಳು ಬೇರೆ, ಗರ್ಭದ ವಾರಗಳೂ ಬೇರೆ. ಆದುದರಿಂದ ಒಂದನ್ನು ಇನ್ನೊಂದರ ಮೇಲಿಟ್ಟು ತೂಗುವುದು ಸಲ್ಲದು. ಆದರೂ ಮದ್ದಿನ ಗಡಿಯಾರಕ್ಕಿಂತ ಮುಂಚೆ ಕಾನೂನಿನ ಗಡಿಯಾರವೊಂದು ನಡೆಯುತ್ತಿರುತ್ತದೆಂಬುದು ಇದರಿಂದ ವಿದಿತವಾಗುತ್ತದೆ. ಐರ್ಲೆಂಡಿನ ಜನರು ೨೦೧೮ರ ಮೇ ೨೫ರ ಜನಮತದಲ್ಲಿ ಸಂವಿಧಾನದ ಆ ವಿಧಿಯನ್ನು ತೆಗೆದುಹಾಕಿದರು.

ನಮ್ಮ ದೇಶದಲ್ಲಿ ಇದೇ ಪ್ರಶ್ನೆ ಬೇರೆ ಬಗೆಯಲ್ಲಿ ಎದ್ದಿತು. ಅರಿಯದವರ ಕೈಯಲ್ಲಿ ಗುಟ್ಟಾಗಿ ಗರ್ಭ ತೆಗೆಸಿಕೊಂಡು, ನಂಜು ಏರಿದ ಮೇಲೂ ಶಿಕ್ಷೆಯ ಭಯದಿಂದ ಆಸ್ಪತ್ರೆಗೆ ಬಾರದೆ ಸಾಯುತ್ತಿದ್ದವರ ಸ್ಥಿತಿಯನ್ನು ಪರಿಶೀಲಿಸಲು ೧೯೬೪ರಲ್ಲಿ ಶಾಂತಿಲಾಲ್ ಶಾ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. ಅದರ ಶಿಫಾರಸುಗಳನ್ನನುಸರಿಸಿ ೧೯೭೧ರಲ್ಲಿ ವೈದ್ಯಕೀಯ ಗರ್ಭಸಮಾಪ್ತಿ ಅಧಿನಿಯಮ ರಚಿತವಾಗಿ, ೧೯೭೨ರ ಏಪ್ರಿಲ್ ೧ರಿಂದ ಜಾರಿಗೆ ಬಂದಿತು. ಈ ಕಾನೂನಿನಲ್ಲಿ ಯಾವ ಮದ್ದಿನ ಹೆಸರೂ ಇಲ್ಲ. ಆದರೂ ಮೊದಲ ಚುಚ್ಚುಮದ್ದನ್ನು ಕೆಲವು ದಿನ ಮುಂಚಿತವಾಗಿ ತಂದುಕೊಟ್ಟ ಸಾಧನಗಳಲ್ಲಿ ಇದನ್ನೂ ಎಣಿಸಬೇಕಾಗುತ್ತದೆ.

೭. ಉಪಸಂಹಾರ

ಮೇಲ್ಕಂಡ ವಿವೇಚನೆಯಿಂದ ಮೂರು ಅಂಶಗಳು ಸಿದ್ಧಪಡುತ್ತವೆ. ಒಂದನೆಯದಾಗಿ, ಔಷಧಕ್ರಮದ ಒಂದೊಂದು ಅಂಕಿಯ ಹಿಂದೆಯೂ ಬೇರೆಬೇರೆ ಬಗೆಯ ಸಾಕ್ಷ್ಯವಿದೆ. ಗಂಟೆಗಳ ಅಂತರ ಪ್ರಯೋಗದಿಂದ ಬಂದುದು. ದಿನಗಳ ಸಂಖ್ಯೆ ಬಹುಕಾಲ ರೂಢಿಯಿಂದ ಬಂದುದು. ಎರಡನ್ನೂ ಸಮಾನವಾಗಿ ನಂಬತಕ್ಕದ್ದಲ್ಲ. ಎರಡನೆಯದಾಗಿ, ಗರ್ಭಕೋಶ ಬರಿದಾಗಿ, ಜ್ವರ ಬಿಟ್ಟು, ನಲವತ್ತೆಂಟು ಗಂಟೆ ಸುಸ್ಥಿತಿಯಲ್ಲಿರುವ ಸಾಮಾನ್ಯ ರೋಗಿಗೆ ಮತ್ತಷ್ಟು ದಿನಗಳ ಮದ್ದಿನಿಂದ ಹೆಚ್ಚಿನ ಲಾಭ ಕಂಡುಬಂದಿಲ್ಲ. ಕೂಲಿ ಬಿಟ್ಟು ಬಂದ ಹೆಂಗಸಿಗೆ ಆಸ್ಪತ್ರೆಯ ಎರಡು ದಿನ, ಅಂಗಡಿಯ ಹತ್ತು ದಿನದ ಗುಳಿಗೆ ಅಲ್ಪವಾದ ಹೊರೆಯಲ್ಲ. ಬೇಡವಾದ ಮದ್ದು ರೋಗಾಣುಗಳನ್ನು ಪಳಗಿಸುವುದೂ ಸುಳ್ಳಲ್ಲ. ಮೂರನೆಯದಾಗಿ, ಕೊನೆಯ ದಿನಗಳಲ್ಲಿ ಉಳಿಸಿದ ಶ್ರಮವನ್ನು ಮೊದಲ ಗಂಟೆಗಳಿಗೆ ತಿರುಗಿಸುವ ಅವಶ್ಯಕತೆಯಿದೆ. ಜ್ವರ, ನಡುಕ, ದುರ್ವಾಸನೆಯ ಸ್ರಾವ, ಏರಿದ ನಾಡಿಬಡಿತ ಇವುಗಳನ್ನು ಕಂಡ ಕೂಡಲೆ ಆಸ್ಪತ್ರೆಗೆ ತಲುಪುವಂತೆಯೂ ಅಲ್ಲಿ ಪ್ರಶ್ನೆಗಿಂತ ಮೊದಲು ಚಿಕಿತ್ಸೆ ದೊರೆಯುವಂತೆಯೂ ಆಗಬೇಕು.

ಕಾಲೇಜುಗಳ ಇತಿಹಾಸ ವಿದ್ಯಾರ್ಥಿಗಳಿಗೆ ಈ ದಿಕ್ಕಿನಲ್ಲಿ ಮಾಡತಕ್ಕ ಕೆಲಸವೂ ಇದೆ. ತಮ್ಮ ಜಿಲ್ಲೆಯ ಹಳೆಯ ಆಸ್ಪತ್ರೆಗಳಲ್ಲಿ ದಾಖಲೆಯ ಪುಸ್ತಕಗಳು ಉಳಿದಿದ್ದರೆ, ಅಧಿಕಾರಿಗಳ ಅನುಮತಿ ಪಡೆದು, ರೋಗಿಗಳ ಹೆಸರುಗಳನ್ನು ಗುಪ್ತವಾಗಿಟ್ಟು, ಸ್ತ್ರೀಯರು ಜ್ವರ ಬಂದ ಎಷ್ಟನೆಯ ದಿನ ಅಲ್ಲಿಗೆ ಬರುತ್ತಿದ್ದರೆಂಬುದನ್ನು ೧೯೭೨ಕ್ಕೆ ಹಿಂದೆ ಮತ್ತು ಮುಂದೆ ಎಂದು ವಿಂಗಡಿಸಿ ಪಟ್ಟಿಮಾಡಬಹುದು. ಯಾವ ಮದ್ದು ಕೊಟ್ಟರೆಂಬ ಕಾಲಂ ಅಲ್ಲಿ ಮಾಸಿಹೋಗಿದ್ದರೂ ಚಿಂತೆಯಿಲ್ಲ. ದಾಖಲಾದ ದಿನಾಂಕವೊಂದು ಉಳಿದಿದ್ದರೆ ಕೆಲಸ ಆರಂಭಿಸಬಹುದು.